ಭಾವವನ್ನು ಬರೆಯುವುದು ಹೇಗೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲ ಹಿಡಿದ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಬರವಣಿಗೆಯನ್ನು ಕುರಿತವು. ಮನಸ್ಸಿನಲ್ಲಿ ಅಷ್ಟು ತೀವ್ರವಾಗಿದ್ದದ್ದು ಕಾಗದಕ್ಕೆ ಇಳಿಯುವಷ್ಟರಲ್ಲಿ ಏಕೆ ಸಪ್ಪೆಯಾಗುತ್ತದೆ ಎಂಬುದೇ ಬಹುಮಂದಿಯ ಕೊರಗು. ಅವುಗಳಲ್ಲಿ ನಾಲ್ಕು ಪತ್ರಗಳನ್ನು ಆರಿಸಿಕೊಂಡು, ಬರೆದವರ ಹೆಸರನ್ನು ಅವರ ಕೋರಿಕೆಯಂತೆ ಬಿಟ್ಟು, ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಅಜ್ಜಿ ತೀರಿಕೊಂಡ ಮೇಲೆ ಅವರ ನೆನಪಿನಲ್ಲಿ ಒಂದು ಪ್ರಬಂಧ ಬರೆದೆ. ‘ದುಃಖ ಉಮ್ಮಳಿಸಿ ಬಂತು’, ‘ಎದೆ ಒಡೆದುಹೋಯಿತು’, ‘ಕಣ್ಣೀರು ಕೋಡಿಯಾಗಿ ಹರಿಯಿತು’ ಎಂದೆಲ್ಲ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಬರೆದೆ. ನಮ್ಮೂರಿನ ಓದುಗರ ಬಳಗದಲ್ಲಿ ಓದಿದಾಗ ಎಲ್ಲರೂ ‘ಚೆನ್ನಾಗಿದೆ’ ಎಂದರು, ಅಷ್ಟೆ. ಆಮೇಲೆ ಚಹಾ ಕುಡಿಯುವಾಗ ಮಾತಿಗೆ ಮಾತು ಬಂದು, ತಿಥಿ ಮುಗಿಸಿ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಬಚ್ಚಲೊಲೆಗೆ ಯಾರೂ ಬೆಂಕಿ ಹಾಕಿರಲಿಲ್ಲ, ಹಂಡೆಗೆ ಚೊಂಬು ಅದ್ದಿದರೆ ನೀರು ತಣ್ಣಗಿತ್ತು ಎಂದೆ. ಎದುರಿಗೆ ಕೂತಿದ್ದವರೊಬ್ಬರು ಕಣ್ಣೊರೆಸಿಕೊಂಡರು. ಬರೆದದ್ದರಲ್ಲಿ ಇಲ್ಲದ ಯಾವುದು ಆ ಮಾತಿನಲ್ಲಿತ್ತು?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಪ್ರಬಂಧದಲ್ಲಿ ನೀವು ನಿಮ್ಮ ದುಃಖದ ಸುದ್ದಿಯನ್ನು ಕೊಟ್ಟಿರಿ. ಚಹಾದ ಹೊತ್ತಿನಲ್ಲಿ ಆ ದುಃಖ ಹುಟ್ಟಿದ ಜಾಗಕ್ಕೆ ಕೇಳುವವರನ್ನು ಕರೆದುಕೊಂಡು ಹೋದಿರಿ. ಇನ್ನೊಬ್ಬರಿಗೆ ದುಃಖವಾಯಿತೆಂಬ ಸುದ್ದಿ ಕೇಳಿ ನಾವು ಅಯ್ಯೋ ಎನ್ನಬಹುದು, ಆದರೆ ಆ ದುಃಖ ನಮ್ಮದಾಗುವುದಿಲ್ಲ. ಅದು ನಮ್ಮೊಳಗೆ ಹುಟ್ಟಬೇಕಾದರೆ ಅದನ್ನು ಹುಟ್ಟಿಸಿದ ಕಾರಣ ನಮ್ಮ ಕಣ್ಣೆದುರಿಗೆ ಬರಬೇಕು.

ಇದು ಹೊಸ ವಿಚಾರವಲ್ಲ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭರತನು ರಸ, ಅಂದರೆ ನೋಡುವವರ ಮನಸ್ಸಿನಲ್ಲಿ ಏಳುವ ಭಾವದ ಸವಿ, ಹುಟ್ಟುವ ಬಗೆಯನ್ನು ಹೇಳುವಾಗ ವಿಭಾವ (ಭಾವವನ್ನು ಹುಟ್ಟಿಸುವ ಕಾರಣ), ಅನುಭಾವ (ಭಾವ ಹೊರಗೆ ಕಾಣುವ ಬಗೆ), ವ್ಯಭಿಚಾರಿಭಾವ (ನಡುವೆ ಬಂದು ಹೋಗುವ ಭಾವ) ಇವು ಕೂಡಿದರೆ ರಸ ನಿಷ್ಪತ್ತಿಯಾಗುತ್ತದೆ ಎನ್ನುತ್ತಾನೆ. ಮನಸ್ಸಿನಲ್ಲಿ ನೆಲೆನಿಂತ ಸ್ಥಾಯಿಭಾವದ ಹೆಸರು, ಅಂದರೆ ಶೋಕ, ರತಿ, ಕ್ರೋಧ ಎಂಬ ಹೆಸರು, ಆ ಸೂತ್ರದೊಳಗೆ ಬರುವುದೇ ಇಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ತನ್ನ ಧ್ವನ್ಯಾಲೋಕದಲ್ಲಿ ಇನ್ನೂ ಬಿಡಿಸಿ ಹೇಳಿದ: ವಿಭಾವ ಮುಂತಾದವುಗಳಿಲ್ಲದೆ ಶೃಂಗಾರವೆಂಬ ಹೆಸರೊಂದೇ ಇರುವ ಕಾವ್ಯದಲ್ಲಿ ರಸದ ಅನುಭವ ಎಳ್ಳಷ್ಟೂ ಆಗುವುದಿಲ್ಲ, ಹೆಸರೆತ್ತದೆ ವಿಭಾವಾದಿಗಳನ್ನು ಚಿತ್ರಿಸಿದರೆ ಆಗುತ್ತದೆ. ಮುಂದೆ ಮಮ್ಮಟನು ಕಾವ್ಯಪ್ರಕಾಶದಲ್ಲಿ ರಸದೋಷಗಳನ್ನು ಪಟ್ಟಿ ಮಾಡುವಾಗ, ರಸವನ್ನೋ ಭಾವವನ್ನೋ ಅದರದೇ ಹೆಸರಿನಿಂದ ಹೇಳಿಬಿಡುವುದನ್ನು ಮೊದಲಿಗೇ ಇಟ್ಟಿದ್ದಾನೆ. ನಿಮ್ಮ ‘ದುಃಖ ಉಮ್ಮಳಿಸಿ ಬಂತು’ ಎಂಬುದು ಆ ದೋಷ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದುಗರು ಮಾಡಬೇಕಾದ ಕೆಲಸವನ್ನು ಅದು ತಾನೇ ಮಾಡಿ ಮುಗಿಸಿಬಿಡುತ್ತದೆ.

ಇನ್ನು ಹಂಡೆಯ ನೀರು. ನೀವು ಹೇಳಿದ್ದು ನೀರು ತಣ್ಣಗಿತ್ತು ಎಂದಷ್ಟೆ. ಕೇಳಿದವರು ಉಳಿದದ್ದನ್ನೆಲ್ಲ ತಾವೇ ಕಂಡುಕೊಂಡರು. ಇಷ್ಟು ದಿನವೂ ಆ ಒಲೆಗೆ ಬೆಂಕಿ ಹಾಕುತ್ತಿದ್ದವರು ಯಾರು, ಮನೆಯವರು ಏಳುವ ಎಷ್ಟು ಹೊತ್ತಿಗೆ ಮೊದಲು ಅವರು ಎದ್ದಿರಬೇಕು, ಆಷಾಢದ ಮಳೆಯಲ್ಲಿ ಹಸಿ ಸೌದೆಗೆ ಬೆಂಕಿ ಹತ್ತಿಸಲು ಎಷ್ಟು ಊದಿರಬೇಕು, ಬಿಸಿನೀರು ತಾನಾಗಿಯೇ ಇರುತ್ತದೆ ಎಂದುಕೊಂಡು ಮನೆಮಂದಿಯೆಲ್ಲ ಎಷ್ಟು ವರ್ಷ ಸ್ನಾನ ಮಾಡಿರಬೇಕು ಎಂಬುದೆಲ್ಲ ಒಂದೇ ಕ್ಷಣದಲ್ಲಿ ಅವರ ಮನಸ್ಸಿಗೆ ಬಂತು. ಅದರ ಜೊತೆಗೆ ತಮ್ಮ ಮನೆಯಲ್ಲಿ ಹೀಗೆ ಗಮನಕ್ಕೇ ಬಾರದೆ ಯಾರೋ ಮಾಡುತ್ತಿದ್ದ, ಈಗ ನಿಂತುಹೋದ ಕೆಲಸವೊಂದೂ ನೆನಪಾಗಿರಬೇಕು. ಅವರು ಅತ್ತದ್ದು ನಿಮ್ಮ ಅಜ್ಜಿಗಾಗಿ ಮಾತ್ರವಲ್ಲ. ಬರವಣಿಗೆ ಮನ ತಟ್ಟುವುದೆಂದರೆ ಬಹುತೇಕ ಇದೇ: ಬರೆದವರ ನೋವು ಓದಿದವರಿಗೆ ದಾಟುವುದಿಲ್ಲ, ಓದಿದವರ ನೋವು ಅವರೊಳಗೇ ಎಚ್ಚರಗೊಳ್ಳುತ್ತದೆ.

ಹೀಗೆಂದಾಕ್ಷಣ ಅಜ್ಜಿಯ ಕನ್ನಡಕ, ಎಲೆಯಡಿಕೆಯ ತಟ್ಟೆ, ಊರುಗೋಲು, ಹಳೆಯ ಸೀರೆ ಎಲ್ಲವನ್ನೂ ತಂದು ಸಾಲಾಗಿ ಇಡಬೇಡಿ. ಸತ್ತವರ ವಸ್ತುಗಳನ್ನು ಎಣಿಸುವ ಬರಹ ಈಗ ತೀರ ಹೆಚ್ಚಾಗಿದೆ, ಅದೂ ಒಂದು ರೂಢಿಯ ಮಾತೇ ಆಗಿಬಿಟ್ಟಿದೆ. ಕನ್ನಡಕ ಯಾರ ಅಜ್ಜಿಯದಾದರೂ ಆಗಬಹುದು. ತಣ್ಣಗಿದ್ದ ಹಂಡೆಗೆ ಬೇರೆ ಗುಣವಿದೆ. ಅಜ್ಜಿ ಇಲ್ಲವಾದದ್ದರಿಂದ ಆ ಮನೆಯ ದಿನಚರಿಯೊಳಗೆ ಏನೋ ಒಂದು ನಡೆಯಲಿಲ್ಲ. ಸಾವು ಅಲ್ಲಿ ಒಂದು ಕೆಲಸ ಮಾಡಿದೆ. ಆರಿಸುವಾಗ ಅಂಥದ್ದನ್ನೇ ಆರಿಸಿ.

ನಾವೆಲ್ಲ ಬಾಯಿಪಾಠ ಬಲ್ಲ ಗೋವಿನ ಹಾಡನ್ನೇ ನೋಡಿ. ಹುಲಿಯ ಬಳಿಗೆ ಹೊರಟ ಪುಣ್ಯಕೋಟಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸುವಾಗ, ನನ್ನ ಕರುಳು ಕಿತ್ತುಬರುತ್ತಿದೆ ಎನ್ನುವುದಿಲ್ಲ. ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಎಂದು ಕೇಳಿಕೊಳ್ಳುತ್ತದೆ. ಕೊಟ್ಟಿಗೆಯನ್ನು ಬಲ್ಲ ಯಾರಿಗೂ ಇದರ ನಿಜ ಗೊತ್ತು, ತನ್ನದಲ್ಲದ ಕರು ಹತ್ತಿರ ಬಂದರೆ ಹಸು ಹಾಯುತ್ತದೆ, ಒದೆಯುತ್ತದೆ. ಆ ತಾಯಿಗೆ ತನ್ನ ಸಾವಿನ ಚಿಂತೆಯಿಲ್ಲ, ನಾಳೆ ಹಸಿದ ಕರು ಯಾವ ಕೆಚ್ಚಲಿಗೆ ಬಾಯಿಡಲು ಹೋಗಿ ಎಷ್ಟು ಒದೆ ತಿನ್ನುತ್ತದೋ ಎಂಬ ಚಿಂತೆಯಿದೆ. ಆ ಹಾಡು ಕಟ್ಟಿದವರಿಗೆ ಹಸುವಿನ ಸ್ವಭಾವ ಅಷ್ಟು ಹತ್ತಿರದಿಂದ ಗೊತ್ತಿದ್ದುದರಿಂದಲೇ ಇಷ್ಟು ತಲೆಮಾರುಗಳ ಮಕ್ಕಳು ಅಲ್ಲಿಗೆ ಬಂದೊಡನೆ ಮೌನವಾಗುತ್ತಾರೆ. ಭಾವದ ತೀವ್ರತೆಗಿಂತ ವಿಷಯದ ತಿಳಿವು ಅಲ್ಲಿ ಹೆಚ್ಚು ಕೆಲಸ ಮಾಡಿದೆ.

ಇನ್ನೊಂದು ಮಾತು. ಭರತನು ಮೂವತ್ತಮೂರು ವ್ಯಭಿಚಾರಿಭಾವಗಳನ್ನು ಹೇಳಿದ್ದಾನೆ. ಅವು ಸ್ಥಾಯಿಭಾವದ ಮೇಲೆ ಬಂದು ಹೋಗುವ ಸಣ್ಣ ಭಾವಗಳು. ಆ ಪಟ್ಟಿಯಲ್ಲಿ ವಿಷಾದ, ದೈನ್ಯಗಳ ಜೊತೆಗೆ ಶ್ರಮ, ಆಲಸ್ಯ, ನಿದ್ರೆ, ನಾಚಿಕೆ, ಹರ್ಷವೂ ಇವೆ. ಸಾವಿನ ಮನೆಯಲ್ಲಿದ್ದವರಿಗೆ ಇದರ ಅರ್ಥ ತಿಳಿಯುತ್ತದೆ. ಅಲ್ಲಿ ಹಸಿವಾಗುತ್ತದೆ, ಹಸಿವಾಯಿತಲ್ಲ ಎಂದು ನಾಚಿಕೆಯಾಗುತ್ತದೆ, ಬಹಳ ದಿನಗಳ ಮೇಲೆ ಕಂಡ ನೆಂಟರನ್ನು ನೋಡಿ ಸಂತೋಷವೂ ಆಗುತ್ತದೆ, ಬಂದವರಿಗೆಲ್ಲ ಹಾಸಿಗೆ ಹೊಂದಿಸುವ ಯೋಚನೆಯಲ್ಲಿ ಅಳುವುದೇ ಮರೆತುಹೋಗುತ್ತದೆ. ಬರಹಗಾರರು ದುಃಖವನ್ನು ಶುದ್ಧವಾಗಿಡುವ ಆಸೆಯಿಂದ ಇವನ್ನೆಲ್ಲ ತೆಗೆದುಹಾಕುತ್ತಾರೆ, ತೆಗೆದ ಮೇಲೆ ಉಳಿಯುವ ದುಃಖದಲ್ಲಿ ಜೀವವಿರುವುದಿಲ್ಲ. ಅದೇ ಪಟ್ಟಿಯಲ್ಲಿ ಅವಹಿತ್ಥ ಎಂಬುದೂ ಇದೆ, ಮನಸ್ಸಿನಲ್ಲಿರುವುದನ್ನು ಮರೆಮಾಚುವುದು. ಮಲೆನಾಡಿನ ಹಿರಿಯರನ್ನು ಬರೆಯುವವರಿಗೆ ಇದಕ್ಕಿಂತ ಉಪಯೋಗದ ಭಾವ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ. ಹೆಂಡತಿಯನ್ನು ಕಳೆದುಕೊಂಡ ಅಜ್ಜ ಎಲ್ಲರೆದುರು ಅಳುವುದಿಲ್ಲ, ತೋಟದಲ್ಲಿ ಅಡಿಕೆಗೆ ಕೊಳೆರೋಗ ಬಿದ್ದಿದೆಯೋ ಏನೋ, ನೋಡಿ ಬರುತ್ತೇನೆ ಎಂದು ಕಂಬಳಿಕೊಪ್ಪೆ ಹಾಕಿಕೊಂಡು ಹೊರಟುಬಿಡುತ್ತಾರೆ. ಆ ಮಾತನ್ನು ಇದ್ದಂತೆ ಬರೆದರೆ ಸಾಕು, ಕೊಪ್ಪೆಯೊಳಗೆ ಅವರು ಅತ್ತರೆಂದು ನೀವು ಸೇರಿಸಬೇಕಾಗಿಲ್ಲ.

ಕಣ್ಣೀರಿನ ಬಗ್ಗೆಯೂ ಹೇಳಬೇಕು. ಒಳಗಿನ ಭಾವ ತಾನಾಗಿಯೇ ಮೈಯಲ್ಲಿ ಕಾಣಿಸಿಕೊಳ್ಳುವ ಸಾತ್ತ್ವಿಕಭಾವಗಳು ಎಂಟು: ಮೈ ಮರಗಟ್ಟುವುದು, ಬೆವರುವುದು, ರೋಮಾಂಚ, ಸ್ವರ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಎಚ್ಚರ ತಪ್ಪುವುದು. ನಮ್ಮ ಕಥೆಗಳಲ್ಲಿ ಏಳನೆಯದೊಂದೇ ಮತ್ತೆ ಮತ್ತೆ ಬರುತ್ತದೆ. ಪಾತ್ರ ಅತ್ತುಬಿಟ್ಟರೆ ಓದುಗರು ಅಳುವುದಕ್ಕೆ ಜಾಗವೇ ಉಳಿಯುವುದಿಲ್ಲ. ನಿಮ್ಮ ಪ್ರಬಂಧದ ಆ ಮೂರು ವಾಕ್ಯಗಳನ್ನು ತೆಗೆದು, ಹಂಡೆಯ ಪ್ರಸಂಗವನ್ನು ನಡುವಿನಲ್ಲಿ, ಚಹಾದ ಹೊತ್ತಿಗೆ ಹೇಳಿದಷ್ಟೇ ಮಾತಿನಲ್ಲಿ ಇಟ್ಟು ಇನ್ನೊಮ್ಮೆ ಓದಿ ನೋಡಿ.

ಪ್ರಶ್ನೆ: ನಮ್ಮ ಅಜ್ಜನ ಮನೆ, ಗದ್ದೆ, ತೋಟ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದವು. ನಾನು ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಬರೆಯಲು ಕೂತರೆ ಸಿಟ್ಟು ಬರುತ್ತದೆ, ಬರೆದದ್ದು ಭಾಷಣವಾಗುತ್ತದೆ. ನಾನು ಅನುಭವಿಸದ ನೋವನ್ನು ಬರೆಯುವ ಹಕ್ಕು ನನಗಿದೆಯೇ?
– ಯುವ ಓದುಗರು, ಸಾಗರ

ಉತ್ತರ: ಹಕ್ಕಿದೆ. ಆದರೆ ಅದು ಮೊಮ್ಮಗನೆಂಬ ಕಾರಣಕ್ಕೆ ತಾನಾಗಿ ಬರುವುದಿಲ್ಲ, ಕೇಳಿ ತಿಳಿದುಕೊಂಡಷ್ಟೂ ಬರುತ್ತದೆ. ನಿಮ್ಮ ಬರಹ ಭಾಷಣವಾಗುವುದಕ್ಕೆ ಸಿಟ್ಟು ಕಾರಣವಲ್ಲ, ಸಿಟ್ಟಿಗೆ ಆಧಾರವಾದ ವಿವರ ನಿಮ್ಮ ಕೈಯಲ್ಲಿ ಸಾಕಷ್ಟು ಇಲ್ಲದಿರುವುದು ಕಾರಣ. ವಿವರ ಇಲ್ಲದ ಕಡೆ ಮಾತು ದೊಡ್ಡದಾಗುತ್ತದೆ.

ಶರಾವತಿಯಲ್ಲಿ ಮುಳುಗಡೆ ಒಂದೇ ಸಲ ಆದದ್ದಲ್ಲ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟೆ 1948ರಲ್ಲಿ ಮುಗಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದು ನೀರು ನಿಂತಾಗ ಆ ಹಳೆಯ ಅಣೆಕಟ್ಟೆಯೇ ಮುಳುಗಿಹೋಯಿತು. ಬೇಸಿಗೆಯಲ್ಲಿ ಹಿನ್ನೀರು ತೀರ ಇಳಿದ ವರ್ಷ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಎತ್ತಂಗಡಿಯಾದ ಕುಟುಂಬಗಳಲ್ಲಿ ಎಷ್ಟೋ ಜನಕ್ಕೆ ಕೊಟ್ಟ ಭೂಮಿಯ ಹಕ್ಕುಪತ್ರದ ತಕರಾರು ತಲೆಮಾರುಗಳವರೆಗೆ ಬಗೆಹರಿಯಲಿಲ್ಲ. ಇದಿಷ್ಟು ಎಲ್ಲರಿಗೂ ಗೊತ್ತಿರುವ ಚರಿತ್ರೆ, ನಿಮ್ಮ ಕಥೆ ಇದರೊಳಗೆ ಇನ್ನೂ ಕೆಳಗಿದೆ.

ಅದನ್ನು ತಿಳಿಯಲು ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ‘ಆಗ ನಿಮಗೆ ಎಷ್ಟು ದುಃಖವಾಯಿತು’ ಎಂದು ಮಾತ್ರ ಕೇಳಬೇಡಿ, ಆ ಪ್ರಶ್ನೆಗೆ ಯಾರೂ ಉತ್ತರ ಕೊಡಲಾರರು. ಮನೆಯ ಹೆಂಚು, ಬಾಗಿಲು, ಕಂಬಗಳನ್ನು ಬಿಚ್ಚಿಕೊಂಡು ಬಂದರೋ ಬಿಟ್ಟು ಬಂದರೋ, ಬಿಚ್ಚಿದವರು ಯಾರು, ಆ ರಾತ್ರಿ ಎಲ್ಲಿ ಮಲಗಿದರು ಎಂದು ಕೇಳಿ. ಹೊರಡುವ ಹೊತ್ತಿಗೆ ಗದ್ದೆಯಲ್ಲಿ ಪೈರಿತ್ತೇ, ಅಡಿಕೆ ಮರದಲ್ಲಿ ಕೊನೆಯಿತ್ತೇ, ಬನದ ಚೌಡಿಯ ಕಲ್ಲನ್ನು ತಂದರೇ, ತರಬಾರದೆಂದು ಯಾರಾದರೂ ತಡೆದರೇ, ದನ ಹೊಸ ಕೊಟ್ಟಿಗೆಯಲ್ಲಿ ನಿಂತವೇ ಅಥವಾ ಹಗ್ಗ ಕಿತ್ತುಕೊಂಡು ಹಳೆಯ ದಾರಿ ಹಿಡಿದವೇ ಎಂದು ಕೇಳಿ. ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಹೇಳುತ್ತ ಅವರು ಎಲ್ಲೋ ಒಂದು ಕಡೆ ತಡೆದು ನಿಲ್ಲುತ್ತಾರೆ. ಎಲ್ಲಿ ನಿಂತರೆಂಬುದನ್ನು ಗುರುತು ಹಾಕಿಕೊಳ್ಳಿ. ಬಹಳ ಸಲ ಅದು ನೀವು ಊಹಿಸಿದ ಜಾಗವಾಗಿರುವುದಿಲ್ಲ.

ಮನೆಯಲ್ಲಿ ಹಳೆಯ ಕಾಗದಪತ್ರಗಳಿದ್ದರೆ ಅವನ್ನೂ ಓದಿ. ಕಂದಾಯ ಇಲಾಖೆಯ ಕಾಗದ ಭೂಮಿಯನ್ನು ತರಿ (ಗದ್ದೆ), ಖುಷ್ಕಿ (ಒಣಭೂಮಿ), ಬಾಗಾಯ್ತು (ತೋಟ) ಎಂದು ವಿಂಗಡಿಸಿ, ಸರ್ವೆ ನಂಬರು, ಎಕರೆ, ಗುಂಟೆ ಬರೆದು ಮುಗಿಸುತ್ತದೆ. ಅಜ್ಜನಿಗೆ ಅದೇ ಭೂಮಿಯ ಒಂದೊಂದು ಮಡಿಗೂ ಒಂದೊಂದು ಹೆಸರಿರುತ್ತದೆ, ಯಾವುದರಲ್ಲಿ ನೀರು ನಿಲ್ಲುತ್ತದೆ, ಯಾವುದಕ್ಕೆ ಹಂದಿ ಬೀಳುತ್ತದೆ ಎಂಬುದು ಗೊತ್ತಿರುತ್ತದೆ. ಈ ಎರಡನ್ನೂ ಒಂದರ ಪಕ್ಕ ಒಂದನ್ನು ಇಟ್ಟು, ನಡುವೆ ನೀವು ಒಂದು ಮಾತನ್ನೂ ಆಡದೆ ಮುಂದೆ ಹೋದರೆ ನಿಮ್ಮ ಸಿಟ್ಟು ಓದುಗರದಾಗುತ್ತದೆ. ಹಾಗೆಯೇ, ನೋಟೀಸು ತಂದ ನೌಕರನನ್ನು ರಾಕ್ಷಸನನ್ನಾಗಿ ಮಾಡಬೇಡಿ. ಅವನು ಜಗುಲಿಯಲ್ಲಿ ಕೂತು ಬೆಲ್ಲ ನೀರು ಕುಡಿದು, ದಾರಿ ದೂರವಾಯಿತೆಂದು ಹೇಳಿ, ಎಲ್ಲಿ ಹೆಬ್ಬೆಟ್ಟು ಒತ್ತಬೇಕೆಂದು ಮರ್ಯಾದೆಯಿಂದಲೇ ತೋರಿಸಿದ್ದಿರಬಹುದು. ಕೆಟ್ಟವನೊಬ್ಬ ಸಿಕ್ಕಿದರೆ ಓದುಗರ ಕೋಪ ಅವನ ಮೇಲೆ ಹೋಗಿ ಅಲ್ಲಿಗೆ ಮುಗಿಯುತ್ತದೆ, ಸಿಗದಿದ್ದರೆ ಅದು ಇಡೀ ವ್ಯವಸ್ಥೆಯತ್ತ ತಿರುಗುತ್ತದೆ.

ಶರಾವತಿಯನ್ನೇ ನೋಡದ ಬೀದರಿನ ಓದುಗರಿಗೆ ಇದು ಹೇಗೆ ತಟ್ಟೀತು ಎಂಬ ಅಳುಕೂ ನಿಮ್ಮ ಪತ್ರದ ಕೊನೆಯಲ್ಲಿದೆ. ಭರತನ ರಸಸೂತ್ರವನ್ನು ವಿವರಿಸಿದ ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದದ್ದು ಇದಕ್ಕೇ ಸಂಬಂಧಿಸಿದ್ದು. ಕಾವ್ಯದಲ್ಲಿ ಒಬ್ಬ ವ್ಯಕ್ತಿಯ ಅನುಭವ ಆ ವ್ಯಕ್ತಿಗೆ ಮಾತ್ರ ಸೇರಿದ್ದಾಗಿ ಉಳಿಯದೆ ಎಲ್ಲ ಸಹೃದಯರದೂ ಆಗುತ್ತದೆ. ಇದನ್ನು ಓದಿ ಕೆಲವರು ಊರಿನ ಹೆಸರು ತೆಗೆದು ‘ಒಂದು ಊರು’, ‘ಒಂದು ನದಿ’ ಎಂದು ಬರೆಯತೊಡಗುತ್ತಾರೆ. ಅದು ತಪ್ಪು ತಿಳಿವಳಿಕೆ. ಸಾಧಾರಣೀಕರಣ ನಡೆಯುವುದು ಓದುವವರ ಮನಸ್ಸಿನಲ್ಲಿ, ಬರೆಯುವವರು ಅದನ್ನು ಮೊದಲೇ ಮಾಡಿಕೊಟ್ಟರೆ ಅವರಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಿಮ್ಮ ಅಜ್ಜನ ಮಡಿಗಳ ಹೆಸರು ಹಾಗೆಯೇ ಇರಲಿ.

ಪ್ರಶ್ನೆ: ಮನಸ್ಸು ಕಲಕಿದಾಗಲೇ ಬರೆಯಬೇಕೆ, ತಣಿದ ಮೇಲೆ ಬರೆಯಬೇಕೆ? ಅಳುತ್ತ ಬರೆದದ್ದೇ ನಿಜವಾದ ಬರಹ ಎನ್ನುತ್ತಾರೆ.
– ಶಿಕ್ಷಕಿಯೊಬ್ಬರು, ಹೊಸನಗರ

ಉತ್ತರ: ಅಳುತ್ತ ಬರೆದದ್ದು ನಿಜವಿರಬಹುದು, ಆದರೆ ಆ ನಿಜ ಬರೆದವರಿಗೆ ಮಾತ್ರ ಕಾಣುತ್ತದೆ. ಕ್ರೌಂಚಪಕ್ಷಿಯ ಸಾವನ್ನು ಕಂಡು ವಾಲ್ಮೀಕಿಯ ಬಾಯಿಂದ ಶ್ಲೋಕ ಬಂದ ಕಥೆಯನ್ನು ಎಲ್ಲರೂ ‘ಅಳುತ್ತ ಬರೆಯುವುದಕ್ಕೆ’ ಸಾಕ್ಷಿಯಾಗಿ ಹೇಳುತ್ತಾರೆ. ಧ್ವನ್ಯಾಲೋಕಕ್ಕೆ ವ್ಯಾಖ್ಯಾನ ಬರೆದ ಅಭಿನವಗುಪ್ತ ಅದನ್ನು ಒಪ್ಪುವುದಿಲ್ಲ. ಅಲ್ಲಿರುವುದು ಮುನಿಯ ಸ್ವಂತ ಶೋಕವೆಂದು ತಿಳಿಯಬಾರದು, ದುಃಖದಲ್ಲಿ ಬೇಯುತ್ತಿರುವವರಿಗೆ ಕಾವ್ಯ ಕಟ್ಟುವ ಸ್ಥಿತಿ ಇರುವುದಿಲ್ಲ ಎನ್ನುತ್ತಾನೆ. ಆ ಶ್ಲೋಕವನ್ನು ಬಿಡಿಸಿ ನೋಡಿದರೂ ಇದು ತಿಳಿಯುತ್ತದೆ. ಅದರಲ್ಲಿ ಶೋಕವೆಂಬ ಪದವಿಲ್ಲ, ಮುನಿ ತನ್ನ ಬಗ್ಗೆ ಏನೂ ಹೇಳಿಕೊಳ್ಳುವುದಿಲ್ಲ. ಜೋಡಿಯಲ್ಲಿ ಒಂದನ್ನು ಕೊಂದೆ, ಅದು ಪ್ರೇಮದಲ್ಲಿ ಮೈಮರೆತಿದ್ದಾಗ ಕೊಂದೆ ಎಂದು ಬೇಡನಿಗೆ ಹೇಳುತ್ತಾನೆ, ಅದಕ್ಕಾಗಿ ಅವನನ್ನು ಶಪಿಸುತ್ತಾನೆ. ಸಂಕಟವೆಲ್ಲ ‘ಜೋಡಿಯಲ್ಲಿ ಒಂದು’ ಎಂಬ ಲೆಕ್ಕದಲ್ಲಿದೆ, ಉಳಿದ ಒಂದರ ಗತಿಯನ್ನು ಕೇಳಿದವರೇ ಊಹಿಸಿಕೊಳ್ಳಬೇಕು.

ಆದ್ದರಿಂದ ಎರಡನ್ನೂ ಮಾಡಿ. ಮನಸ್ಸು ಕಲಕಿದ ಹೊತ್ತಿನಲ್ಲಿ ಕಂಡದ್ದು, ಕೇಳಿದ್ದು, ಯಾರು ಯಾವ ಮಾತು ಆಡಿದರು ಎಂಬುದನ್ನು ಮಾತ್ರ ಚುಟುಕಾಗಿ ಬರೆದಿಟ್ಟುಕೊಳ್ಳಿ, ಏಕೆಂದರೆ ಇವು ಬೇಗ ಮರೆತುಹೋಗುತ್ತವೆ. ಭಾವ ಮರೆಯುವುದಿಲ್ಲ, ಅದನ್ನು ಆಗ ಬರೆಯುವ ಅವಸರ ಬೇಡ. ಬರಹವಾಗಿ ಕಟ್ಟುವುದನ್ನು, ಆ ಟಿಪ್ಪಣಿಯಲ್ಲಿ ನಿಮಗೆ ನೋವು ಕೊಡುವ ಸಾಲನ್ನೂ ಬೇಡವೆನಿಸಿದರೆ ಹೊಡೆದುಹಾಕಬಲ್ಲೆ ಎನ್ನುವಷ್ಟು ದೂರ ಬಂದ ಮೇಲೆ ಇಟ್ಟುಕೊಳ್ಳಿ.

ಪ್ರಶ್ನೆ: ಭಾವ ತುಂಬಿದ ಕಡೆ ಆಶ್ಚರ್ಯಚಿಹ್ನೆ, ಚುಕ್ಕಿಗಳ ಸಾಲು ಹಾಕಬಹುದೇ? ಪಾತ್ರಗಳ ಬಾಯಲ್ಲಿ ಊರಿನ ಆಡುಮಾತು ಇಟ್ಟರೆ ದುಃಖದ ಸನ್ನಿವೇಶ ಹಗುರವಾಗುತ್ತದೆಯೇ?
– ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಚಿಹ್ನೆಗಳ ವಿಷಯ ಚಿಕ್ಕದು. ವಾಕ್ಯದಲ್ಲಿ ಬಲವಿದ್ದರೆ ಅವು ಬೇಡ, ಇಲ್ಲದಿದ್ದರೆ ಅವು ಕೊಡಲಾರವು. ‘ಹೃದಯವಿದ್ರಾವಕ’, ‘ಕರುಳು ಹಿಂಡುವ’ ಎಂಬ ವಿಶೇಷಣಗಳಿಗೂ ಇದೇ ಮಾತು.

ಆಡುಮಾತಿನ ಪ್ರಶ್ನೆ ದೊಡ್ಡದು. ಮಳೆಗಾಲದಲ್ಲಿ ನಮ್ಮ ಕಡೆ ನಡೆಯುವ ತಾಳಮದ್ದಳೆಗೆ ಒಮ್ಮೆ ಹೋಗಿ ಕೂತು ಕೇಳಿ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳಿದ ಮೇಲೆ, ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ ಕೂತು ಬರೀ ಮಾತಿನಿಂದ ಸಭೆಯನ್ನು ಹಿಡಿಯಬೇಕು. ಕರ್ಣಭೇದನ ಪ್ರಸಂಗದಲ್ಲಿ, ನೀನು ಕುಂತಿಯ ಮಗ, ಪಾಂಡವರ ಕಡೆ ಬಾ ಎಂದು ಕೃಷ್ಣ ಕರೆದಾಗ ಕರ್ಣ ಉತ್ತರಿಸಬೇಕು. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಆ ಉತ್ತರ ಹೀಗಿದೆ: ನನ್ನನ್ನು ಕಂಡೊಡನೆ ರಾಧೆಗೆ ಎದೆಹಾಲು ಇಳಿಯಿತು, ನನ್ನ ಮಲಮೂತ್ರವನ್ನು ಆಕೆ ಬಾಚಿದಳು, ಅಂಥವಳಿಗೆ ಪಿಂಡ ತಪ್ಪಿಸಲು ನನ್ನಂಥವನಿಗೆ ಹೇಗೆ ಸಾಧ್ಯ? ರಾಜ್ಯ, ಕುಲ, ಯುದ್ಧಗಳ ಮಾತು ನಡೆಯುತ್ತಿರುವ ಕಡೆ ಒಬ್ಬ ವೀರ ಮಗುವಿನ ಮಲಮೂತ್ರದ ಮಾತೆತ್ತುತ್ತಾನೆ. ಅದರಿಂದ ಆ ಸನ್ನಿವೇಶದ ಘನತೆ ಕುಗ್ಗಿಲ್ಲ, ಕೃಷ್ಣನ ವಾದವೆಲ್ಲ ಅದರೆದುರು ನಿಲ್ಲಲಾಗದೆ ಹೋಗಿದೆ. ಅನುಭವವುಳ್ಳ ಅರ್ಥಧಾರಿಗಳು ಇಂಥ ಕಡೆ ದನಿ ಏರಿಸುವುದಿಲ್ಲ, ಎದುರಿನವರಿಗೆ ಒಂದು ಸಂಗತಿಯನ್ನು ತಿಳಿಸುವವರಂತೆ ಹೇಳುತ್ತಾರೆ.

ಮನೆಮಾತು ದುಃಖವನ್ನು ಹಗುರ ಮಾಡುವುದಿಲ್ಲ. ಹಗುರವಾಗುವುದು, ನಿಮ್ಮ ಪಾತ್ರ ಇಡೀ ಕಥೆಯಲ್ಲಿ ‘ಎಂತ ಮಾಡೂದು ಮಾರಾಯ’ ಎನ್ನುತ್ತಿದ್ದು, ಮಗ ಸತ್ತ ದಿನ ಇದ್ದಕ್ಕಿದ್ದಂತೆ ಗ್ರಂಥದ ಭಾಷೆಯಲ್ಲಿ ವಿಲಪಿಸತೊಡಗಿದಾಗ. ಅವರು ದಿನವೂ ಆಡುವ ಮಾತಿನಲ್ಲೇ ಅಂದೂ ಮಾತಾಡಲಿ, ಆ ಮಾತು ಅರ್ಧಕ್ಕೇ ನಿಂತರೆ ನಿಲ್ಲಲಿ. ಆದರೆ ಆಡುಮಾತಿನ ಬಣ್ಣವನ್ನು ಪ್ರತಿ ಅಕ್ಷರಕ್ಕೂ ಹಚ್ಚಬೇಡಿ. ಎಲ್ಲ ಉಚ್ಚಾರಣೆಯನ್ನೂ ಹಾಗೇ ಹಿಡಿಯಲು ಹೋದರೆ ಓದುಗರು ಮಾತನ್ನು ಕೇಳುವುದನ್ನು ಬಿಟ್ಟು ಅಕ್ಷರ ಕೂಡಿಸಿ ಓದುವುದರಲ್ಲಿ ಸೋಲುತ್ತಾರೆ. ಆ ಊರಿನವರು ಬಳಸುವ ಕ್ರಿಯಾಪದ, ಕರೆಯುವ ಬಗೆ, ವಾಕ್ಯ ಮುಗಿಸುವ ರೀತಿ ಈ ಮೂರು ಸರಿಯಾಗಿದ್ದರೆ ಉಳಿದದ್ದನ್ನು ಸಾಮಾನ್ಯ ಬರಹದಲ್ಲೇ ಇಡಬಹುದು. ಮುಗಿಸಿದ ಮೇಲೆ ಆ ಮಾತಾಡುವ ಮನೆಯ ಹಿರಿಯರೊಬ್ಬರಿಗೆ ಗಟ್ಟಿಯಾಗಿ ಓದಿ ತೋರಿಸಿ, ‘ನಾವು ಹಾಗೆ ಹೇಳುವುದಿಲ್ಲ’ ಎಂದು ಅವರು ತಡೆದ ಕಡೆಗಳನ್ನೆಲ್ಲ ತಿದ್ದಿಕೊಳ್ಳಿ.